ಪಕ್ಕದ ಮನೆಯ ಏಸಿ

ಎಲ್ಲಕ್ಕೂ ಕಾರಣ ಒಂದು ಸೈಕಲ್. ಗುಮಾಸ್ತನ ಬಳಿ ಸೈಕಲ್ ಇರಲಿಲ್ಲ. "ನಮ್ಮ ಹಾಲ್‌ನಲ್ಲಿ ಸೈಕಲ್ ಹೊಡೀಬಹುದು ಸರ್" ಎಂದು ಹಿಂದೊಮ್ಮೆ ಹೆಡ್‌ಕ್ಲರ್ಕರ ಮುಂದೆ ಕೊಚ್ಚಿಕೊಂಡಿದ್ದ, ಅಷ್ಟೇ. ನಿಜಕ್ಕೂ ಅವನ ಮನೆಯೆಂದರೆ ಒಂದೇ ಕೋಣೆ, ಮೂಲೆಯಲ್ಲಿ ಒಲೆ.

ಆ ಕೋಣೆಯಲ್ಲಿ ಅವನ ತಾಯಿ ಬೆವರುಸಾಲೆಯಿಂದ ಬೆಂದುಹೋಗಿದ್ದಳು. ಒದ್ದೆ ಟವೆಲ್ ಹೊದ್ದೇ ಹಗಲು ಕಳೆಯುತ್ತಿದ್ದಳು. ಹೆಂಡತಿ ನೆಲವನ್ನು ಗೇಣು ಹಾಕಿ ಅಳೆದು, ನಾಲ್ಕು ಕಡೆ ವಿಚಾರಿಸಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೇಳಿದ್ದಳು: "ಒಂದು ಟನ್ನಿಂದು ಸಾಕು. ಇನ್ವರ್ಟರ್ ಇರಲಿ, ಐದು ಸ್ಟಾರ್ ಇರಲಿ. ಕರೆಂಟ್ ಕಡಿಮೆ ತಿನ್ನುತ್ತೆ. ಅತ್ತೆ ಬೆನ್ನು ನೋಡೋಕಾಗಲ್ಲ ರೀ."

ಅಂಗಡಿಯಲ್ಲಿ ಅವನ ಕೈ ಸರಿಯಾಗಿ ಆ ಪುಟ್ಟ ಏಸಿಯ ಮೇಲೇ ಇತ್ತು. ಆದರೆ ಕರೆಯದೆ ಜೊತೆಗೆ ಬಂದಿದ್ದ ಹೆಡ್‌ಕ್ಲರ್ಕರು ನಕ್ಕುಬಿಟ್ಟರು. ಇವರ ಹಾಲ್‌ನಲ್ಲಿ ಸೈಕಲ್ ಹೊಡೀಬಹುದಂತೆ, ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಅಂಗಡಿಯವನಿಗೆ ಹೇಳಿದರು. ಗುಮಾಸ್ತ ಬಾಯಿ ತೆರೆದ. ಅದರಿಂದ ಹೊರಬಂದದ್ದು "ಹೌದು". ಅದೇ ದುಡ್ಡಿಗೆ ಎರಡು ಟನ್ನಿನ, ಎರಡೇ ಸ್ಟಾರಿನ ಭೂತವೊಂದು ಗಾಡಿ ಹತ್ತಿತು. ಫಿಟಿಂಗ್ ಮಾಡುವಾಗ ಕಣ್ಣಿಡಬೇಕೆಂದು ಹೆಡ್‌ಕ್ಲರ್ಕರೂ ಹತ್ತಿದರು.

ಗುಮಾಸ್ತ ಹೆಡ್‌ಕ್ಲರ್ಕರ ಮುಂದೆ ಮಹಡಿ ಮೆಟ್ಟಿಲು ಹತ್ತಿದ. ಪಕ್ಕದ ಮನೆಯ ಟೀಚರಮ್ಮ ಮಗಳ ಊರಿಗೆ ಹೋಗುವಾಗ ಗಿಡಗಳಿಗೆ ನೀರು ಹಾಕಲೆಂದು ಕೊಟ್ಟ ಬೀಗದ ಕೈ ಜೇಬಿನಲ್ಲಿತ್ತು. ಅವನ ಕೈ ಅವನನ್ನು ಕೇಳದೆ ಅದನ್ನು ಹೊರತೆಗೆಯಿತು.

ಹೆಡ್‌ಕ್ಲರ್ಕರು ವಿಶಾಲವಾದ ಹಾಲ್ ನೋಡಿ ತಲೆದೂಗಿದರು. ಗೋಡೆಯ ಮೇಲಿದ್ದ ಟೀಚರಮ್ಮನ ಫೋಟೋ ಯಾರದೆಂದು ಕೇಳಿದರು.

"ನಮ್ಮ ದೊಡ್ಡಮ್ಮ" ಎಂದ ಗುಮಾಸ್ತ.

ಗೋಡೆ ಕೊರೆಯುವ ಸದ್ದಿಗೆ ಪಕ್ಕದ ಬಾಗಿಲು ತೆರೆಯಿತು. ಟವೆಲ್ ಹೊದ್ದ ತಾಯಿ ಇಣುಕಿದಳು.

"ಇವರು?" ಎಂದರು ಹೆಡ್‌ಕ್ಲರ್ಕರು.

"ಪಕ್ಕದ ಮನೆಯವರು."

ಯಾರನ್ನೋ ದೊಡ್ಡಮ್ಮ ಮಾಡಿದ ಬಾಯಿ ಹೆತ್ತವಳನ್ನು ಪಕ್ಕದ ಮನೆಯವಳನ್ನಾಗಿ ಮಾಡಿತ್ತು. ತಾಯಿ ಮಗನ ಮುಖ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಮುಖ. ಸುಳ್ಳು ಹೇಳಿದಾಗ ಮೂಗಿನ ತುದಿ ಕೆಂಪಾಗುವುದು ಅವಳಿಗೆ ಗೊತ್ತಿತ್ತು.

"ಹೂಂ, ಪಕ್ಕದ ಮನೇಲೇ ಇರೋದು. ಈ ಸಾಹೇಬ್ರು ತುಂಬಾ ಒಳ್ಳೇವ್ರು" ಎಂದಳು.

ಅಷ್ಟರಲ್ಲಿ ಫಿಟ್ಟರ್ ಹಿಂದಿನಿಂದ ಕೂಗಿ, ಹೊರಗಿನ ಪೆಟ್ಟಿಗೆಗೆ ಇರುವುದು ಒಂದೇ ಜಾಗ, ಬಿಸಿಗಾಳಿ ನೇರ ಪಕ್ಕದವರ ಕಿಟಕಿಗೆ ಹೊಡೆಯುತ್ತೆ, ಏನು ಮಾಡಲಿ ಎಂದು ಕೇಳಿದ.

"ಪಕ್ಕದವರು ಅಡ್ಜಸ್ಟ್ ಮಾಡ್ಕೋತಾರೆ ಬಿಡಪ್ಪ" ಎಂದರು ಹೆಡ್‌ಕ್ಲರ್ಕರು. ಗುಮಾಸ್ತ ತಲೆಯಾಡಿಸಿದ. ಇಂದು ಹೆಡ್‌ಕ್ಲರ್ಕರು ತೊಲಗಲಿ, ನಾಳೆ ಎಲ್ಲವನ್ನೂ ಕಿತ್ತು ಸಾಗಿಸಿದರಾಯಿತು ಎಂಬುದು ಅವನ ಲೆಕ್ಕ.

ಹೆಡ್‌ಕ್ಲರ್ಕರು ತೊಲಗಿದರು. ಅದೇ ಸಂಜೆ ಟೀಚರಮ್ಮ ಬಂದಿಳಿದರು.

ಗುಮಾಸ್ತ ತಪ್ಪು ಮಾಡಿದ ಹುಡುಗನಂತೆ ನಿಂತು ಎಲ್ಲವನ್ನೂ ಒಪ್ಪಿಸಿದ. ಹೆಂಡತಿಯೂ ಆಗಲೇ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಟೀಚರಮ್ಮ ಗೋಡೆಯ ತೂತು ನೋಡಿದರು, ಗುಮಾಸ್ತನ ತಾಯಿಯ ಬೆನ್ನು ನೋಡಿದರು.

"ಈಗ ಕಿತ್ತರೆ ಗೋಡೆ ಇನ್ನೂ ಹಾಳು. ಅದೂ ಅಲ್ಲದೆ ಈ ಭೂತಾನ ನಿಮ್ಮ ಗೂಡಲ್ಲಿ ಎಲ್ಲಿ ಕೂರಿಸ್ತೀರಿ? ಬೇಸಿಗೆ ಮುಗಿಯೋ ತನಕ ಇಲ್ಲೇ ಇರಲಿ. ನಿಮ್ಮಮ್ಮ, ನಿಮ್ಮ ಹೆಂಡತಿ ನಮ್ಮನೇಲೇ ಮಲಗಲಿ. ಗಂಡಸರಿಗೆ ಜಾಗ ಇಲ್ಲ."

ಹೆಂಡತಿ ದಿಂಬು ಎತ್ತಿಕೊಂಡು ಅತ್ತೆಯ ಹಿಂದೆ ಹೊರಟಳು.

ಗುಮಾಸ್ತ ತನ್ನ ಕೋಣೆಯಲ್ಲಿ ಒಬ್ಬನೇ ಕೂತ. ಕಿಟಕಿ ತೆರೆದರೆ ಪೆಟ್ಟಿಗೆ ಕುಲುಮೆಯಂತೆ ಊದುತ್ತಿತ್ತು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಬೆನ್ನಿನಲ್ಲಿ ಸಾಸಿವೆ ಸಿಡಿದಂತೆ ಚುಚ್ಚತೊಡಗಿತು. ಗೋಡೆಯಾಚೆ ಮೂವರೂ ನಗುತ್ತಿದ್ದರು.

ಬಾಗಿಲು ಬಡಿದ ಸದ್ದಾಯಿತು. ತಾಯಿ ನಿಂತಿದ್ದಳು, ಕೈಯಲ್ಲಿ ಹಿಂಡಿದ ಒದ್ದೆ ಟವೆಲ್.

"ತಗೊಳ್ಳಿ ಸಾಹೇಬ್ರೇ, ಬೆನ್ನಿಗೆ ಹಾಕ್ಕೊಳ್ಳಿ" ಎಂದಳು. "ಪಕ್ಕದ ಮನೆಯವರು ಅಂದ್ಮೇಲೆ ಇಷ್ಟಾದ್ರೂ ಮಾಡ್ಬೇಕಲ್ವಾ?"