ಲಾಲಿಶ್‌ನಲ್ಲಿ ನಾನು ಹಾಕಿದ ಗಂಟು

ನಾನು ಎಲ್ಲಿಗೆ ಹೋದರೂ ಫಜೀತಿಗಳು ನನಗಿಂತ ಮೊದಲೇ ಹೋಗಿ, ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಸೀಟು ಹಿಡಿದ ಹಾಗೆ ಕೂತಿರುತ್ತವೆ. ಇರಾಕಿಗೆ ಹೋದರೂ ಬಿಡಲಿಲ್ಲ.

ಅಳಿಯನಿಗೆ ಅಲ್ಲಿ ಕೆಲಸ. ಮಗಳು ಇಲ್ಲಿ ಮುಂಬೈ ಪಕ್ಕದ ಖಾರಘರದಲ್ಲಿ, ಏಳು ತಿಂಗಳ ಬಸುರಿ. ನಾನು ಅಳಿಯನನ್ನು ನೋಡಲು ಹೊರಟಾಗ ಹೇಳಿದಳು, "ಅಪ್ಪಾ, ಅಲ್ಲಿ ಲಾಲಿಶ್ ಅಂತ ಯಜೀದಿ ಎಂಬ ಪಂಗಡದವರ ಪುಣ್ಯಕ್ಷೇತ್ರ ಉಂಟಂತೆ. ರೇಷ್ಮೆ ಬಟ್ಟೆಗೆ ಹರಕೆಯ ಗಂಟು ಹಾಕ್ತಾರಂತೆ. ಹೆರಿಗೆಗೆ ಮೊದಲು ಇವರಿಗೆ ಮುಂಬೈಗೆ ಟ್ರಾನ್ಸ್‌ಫರ್ ಆಗ್ಲಿ ಅಂತ ಒಂದು ಹಾಕಿ ಬನ್ನಿ."

ಹೊಸ್ತಿಲು

ಅಳಿಯನ ಜೊತೆ ಲಾಲಿಶ್‌ಗೆ ಹೋದೆ. ಅಲ್ಲಿ ಎಲ್ಲಾ ಕಡೆ ಬರಿಗಾಲು. ಹೊಸ್ತಿಲು ಮೆಟ್ಟುವ ಹಾಗಿಲ್ಲ. ಅಳಿಯನದ್ದು ಒಂದೇ ಕೂಗು, "ಮಾವ, ಹೊಸ್ತಿಲು!"

"ನನಗೆ ಹೊಸ್ತಿಲಿನ ಪಾಠ ಬೇಡ ಮಾರಾಯ್ರೆ. ಮೆಟ್ಟಿದರೆ ನಮ್ಮಜ್ಜಿ ಸೌಟಿನಲ್ಲಿ ಬಾರಿಸ್ತಿದ್ರು" ಎಂದು ಕಾಲನ್ನು ಸೊಂಟದೆತ್ತರಕ್ಕೆ ಎತ್ತಿ ಹಾರಿದೆ. ಕಾಲೇನೋ ದಾಟಿತು. ಬಾಗಿಲು ಗಿಡ್ಡ ಎಂದು ಯಾರಾದರೂ ಹೇಳಬೇಕಲ್ಲ! ಹಣೆ ಬಡಿದ ಸದ್ದಿಗೆ ಎದುರಿನ ಬೆಟ್ಟದ ಹಕ್ಕಿಗಳೆಲ್ಲ ಎದ್ದು ಹಾರಿದವು. ಒಳಗಿದ್ದ ಮುದುಕ ಪೂಜಾರಿ ಓಡಿ ಬಂದು ಸವರಿದ್ದು ನನ್ನ ಹಣೆಯನ್ನಲ್ಲ, ಬಾಗಿಲಿನ ಕಲ್ಲನ್ನು.

ಚಹಾ

ಹೊರಗೆ ಮರದಡಿ ಕಂಬಳಿ ಹಾಸಿ ಕೂತಿದ್ದ ಒಂದು ಯಜೀದಿ ಕುಟುಂಬ ನಮ್ಮ ಕೈ ಹಿಡಿದು ಎಳೆದು ಕೂರಿಸಿತು. ಪುಟ್ಟ ಗ್ಲಾಸಿನಲ್ಲಿ ಹಾಲಿಲ್ಲದ ಚಹಾ. ಬಿಟ್ಟರೆ ಮನೆಯೊಡತಿಗೆ ಅವಮಾನ ಎಂದು ನಾನು ಪೂರ್ತಿ ಕುಡಿದೆ. ಖಾಲಿ ಗ್ಲಾಸು ಕಂಡರೆ ತನಗೆ ಅವಮಾನ ಎಂದು ಅವಳು ಮತ್ತೆ ಹೊಯ್ದಳು. ನಾನು ಸೋಲುವವನಾ? ಇಪ್ಪತ್ತೆರಡು ಗ್ಲಾಸು!

ಆಗ ಅಳಿಯ ಬಾಯಿ ಬಿಟ್ಟ, "ಮಾವ, ಸಾಕಾದ್ರೆ ಚಮಚ ಗ್ಲಾಸಿನ ಮೇಲೆ ಅಡ್ಡ ಇಡ್ಬೇಕು."

"ಇದನ್ನು ಎರಡನೇ ಗ್ಲಾಸಿಗೆ ಹೇಳಲಿಕ್ಕೆ ಏನಾಗಿತ್ತು ನಿಮಗೆ?"

"ನಿಮಗೆ ಪಾಠ ಬೇಡ ಅಂದ್ರಲ್ಲ!"

ಚಮಚ ಅಡ್ಡ ಇಟ್ಟೆ. ಆಕೆಗೆ ಖುಷಿಯೋ ಖುಷಿ. ಚಹಾ ಮುಗಿಯಿತಲ್ಲ, ಇನ್ನು ಊಟ ಎಂದು ಪರಾತ ತುಂಬ ಅನ್ನ ತಂದಿಟ್ಟಳು.

ಗಂಟು

ಅಂತೂ ಹೊಟ್ಟೆ ಹೊತ್ತುಕೊಂಡು ರೇಷ್ಮೆ ಬಟ್ಟೆಯ ಹತ್ತಿರ ಬಂದೆ. ಅಳಿಯ ಶುರು ಮಾಡಿದ, "ಮಾವ, ಮೊದಲು ಬೇರೆಯವರ ಗಂಟು ಒಂದು ಬಿಚ್ಚಿ. ಆಮೇಲೆ ನಮ್ಮದು ಹಾಕುವಾಗ..."

ಒಂದು ಬಿಚ್ಚಿದೆ. "ಹಾಕುವುದು ಮಾತ್ರ ನನಗೆ ಹೇಳ್ಬೇಡಿ. ವಾಗ್ಳೆ ಎಸ್ಟೇಟಿನ ಹೋಟೆಲಿನಲ್ಲಿ ನಲವತ್ತು ವರ್ಷ ಸಾಂಬಾರಿನ ಪಾರ್ಸಲ್ ಕಟ್ಟಿದ ಕೈ ಇದು. ಕಲ್ಯಾಣದವರೆಗೆ ಲೋಕಲ್ಲಿನಲ್ಲಿ ಹಿಂಡಿ ಹಿಪ್ಪೆಯಾದರೂ ಒಂದು ಹನಿ ಚೆಲ್ಲಿದ್ದಿಲ್ಲ" ಎಂದು ಮೂರು ಸುತ್ತು ಹಾಕಿ, ಉಸಿರು ಕಟ್ಟಿ ಎಳೆದೆ.

ಅಳಿಯನ ಮುಖ ಬಿಳುಚಿತು. "ಏನು ಮಾಡಿದ್ರಿ ಮಾವ! ನಮ್ಮ ನಂತರ ಬರುವವರು ನಮ್ಮ ಗಂಟು ಬಿಚ್ಚಿದ್ರೆ ಮಾತ್ರ ನಮ್ಮ ಹರಕೆ ತೀರುವುದು!"

ಹಿಂದೆಯೇ ಚಹಾದ ಹೆಂಗಸು ಬಂದಳು. ನಮಗೆ ಒಳ್ಳೆಯದಾಗಲಿ ಎಂದು ಪಾಪ, ನನ್ನ ಗಂಟಿಗೇ ಕೈ ಹಾಕಿದಳು. ಆಗಲಿಲ್ಲ. ಗಂಡ ಬಂದ. ಗಂಡನ ಅಣ್ಣಂದಿರು ಬಂದರು. ಪೂಜಾರಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಕೈಮುಗಿದು ಹೋದ. ಕೊನೆಗೆ ನಾನೇ ಕೂತೆ, ಎರಡು ಉಗುರು ಹೋಯಿತು.

ಮೊಮ್ಮಗಳ ನಾಮಕರಣವನ್ನು ಅಳಿಯ ಮೊಬೈಲಿನಲ್ಲಿ ನೋಡಿದ. ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅಳಿಯ ರಜೆ ಸಿಕ್ಕಿದಾಗಲೆಲ್ಲ ಅಲ್ಲಿಗೆ ಹೋಗಿ ಗಂಟು ನೋಡಿಕೊಂಡು ಬರುತ್ತಾನೆ. ಮೊನ್ನೆ ಫೋನಿನಲ್ಲಿ ಅಳುವ ಸ್ವರದಲ್ಲಿ ಹೇಳಿದ, ಒಂದು ಎಳೆಯೂ ಸಡಿಲಾಗಿಲ್ಲವಂತೆ.

ಕೆಲಸ ಅಂದರೆ ಹಾಗಿರಬೇಕು.