ರಕ್ತಕ್ಕೆ ದಾರಿ ಬಿಡಿ

ಜೀವಶಾಸ್ತ್ರ ಕಲಿಸುವವರಿಗೆ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಮೈಸೂರಿನಿಂದ ಹೋಗಿ ಕೇರಳದಲ್ಲಿ ಕಲಿಸಿದರಂತೂ ಎರಡು ಪಾಲು. ತೊಂಬತ್ತರ ದಶಕದಲ್ಲಿ ಗಂಡನ ವರ್ಗಾವಣೆಯ ಬೆನ್ನಿಗೆ ಮೊದಲು ಕೊಚ್ಚಿ, ಆಮೇಲೆ ತಿರುವನಂತಪುರ ಕಂಡವಳು ನಾನು.

ಚೋರ

ಮಟ್ಟಾಂಚೇರಿಯ ಶಾಲೆಗೆ ಸೇರಿದ ಮೂರನೇ ದಿನ. ಮಲಯಾಳ ಒಂದಕ್ಷರ ಬಾರದು. ಆಯಾ ಸ್ಟಾಫ್ ರೂಮಿಗೆ ಓಡಿಬಂದು, "ಟೀಚರೇ, ಚೋರ, ಚೋರ" ಎಂದು ಹೊರಗೆ ಕೈ ತೋರಿಸಿದಳು. ಹಾಡಹಗಲೇ ಕಳ್ಳ ನುಗ್ಗಿದನಲ್ಲ ಎಂದು ಬಾಗಿಲು ಹಾಕಿ, ಬೆನ್ನು ಒತ್ತಿ ನಿಂತೆ. ಹೊರಗಿನಿಂದ ಬಡಿದಷ್ಟೂ ಇನ್ನೂ ಗಟ್ಟಿಯಾಗಿ ಒತ್ತಿದೆ. ಕೊನೆಗೆ ಇಂಗ್ಲಿಷ್ ಮೇಷ್ಟ್ರು ಕಿಟಕಿಯಲ್ಲಿ ಇಣುಕಿ, "ಮೇಡಂ, ಇಲ್ಲಿ ಚೋರ ಅಂದರೆ ರಕ್ತ" ಎಂದರು. ಬಾಗಿಲು ಬಡಿಯುತ್ತಿದ್ದವರು ಬಿದ್ದು ಮಂಡಿ ಒಡೆದುಕೊಂಡ ಡ್ರಿಲ್ ಮೇಷ್ಟ್ರು. ಹತ್ತಿ, ಟಿಂಕ್ಚರು ಎಲ್ಲ ಒಳಗೆ ನನ್ನ ಹತ್ತಿರವೇ ಭದ್ರವಾಗಿದ್ದವು.

ನಾಲ್ಕು ಹೃದಯ

ಮೀನಿನ ಹೃದಯಕ್ಕೆ ಎರಡೇ ಕೋಣೆ ಎಂದು ಮಕ್ಕಳಿಗೆ ತೋರಿಸಬೇಕಿತ್ತು. ನಮ್ಮದು ಸಸ್ಯಾಹಾರಿ ಮನೆ. ಬೀದಿಯಲ್ಲಿ ಮೀನು ಮಾರುವ ಹೆಂಗಸನ್ನು ಮೊದಲ ಸಲ ಕರೆದು, "ಚೇಚಿ, ಮೀನು ಬೇಡ, ಹೃದಯ ಮಾತ್ರ ಸಾಕು" ಎಂದೆ. ಅವಳು ನನ್ನ ಊರು ಯಾವುದೆಂದು ಕೇಳಿ, ನಾಲ್ಕು ಹೃದಯ ಎಲೆಯಲ್ಲಿ ಕಟ್ಟಿಕೊಟ್ಟಳು. ಮರುದಿನ ಪಕ್ಕದ ಮನೆಯ ಅಜ್ಜಿ ಬಟ್ಟಲು ತುಂಬ ಮೀನಿನ ಹೃದಯ ಹಿಡಿದು ಬಂದರು. "ನಿಮ್ಮ ಮೈಸೂರಿನಲ್ಲಿ ಇದನ್ನೇ ತಿನ್ನುವುದಂತೆ. ನಾವು ಇಷ್ಟು ವರ್ಷ ಸುಮ್ಮನೆ ಎಸೆದುಬಿಟ್ಟೆವು. ಮಗಳೇ, ಹುರಿಯುತ್ತೀಯೋ, ಹಸಿಯಾಗಿಯೇ ತಿನ್ನುತ್ತೀಯೋ?"

ಇನ್‌ಸ್ಪೆಕ್ಟರ್ ಸಾಹೇಬರು

ಗಂಡನಿಗೆ ತಿರುವನಂತಪುರದ ಪಕ್ಕದ ತುಂಬ ಎಂಬ ಊರಿಗೆ ವರ್ಗವಾಯಿತು. ನಾನು ನಗರದ ಶಾಲೆಯೊಂದರಲ್ಲಿ ತಾತ್ಕಾಲಿಕ ಟೀಚರ್ ಆದೆ. ಖಾಯಂ ಆಗುವುದು ಬಿಡುವುದು ಇನ್‌ಸ್ಪೆಕ್ಟರರ ಒಂದು ಮಾತಿನ ಮೇಲಿತ್ತು.

ಅವರು ಹೇಳದೆ ಕೇಳದೆ ಬಂದ ದಿನ ತರಗತಿಯಲ್ಲಿ ಬೆಂಚುಗಳನ್ನು ಸರಿಸಿ ಹೃದಯದ ನಾಲ್ಕು ಕೋಣೆ ಮಾಡಿದ್ದೆ. ವರಾಂಡ ಶ್ವಾಸಕೋಶ. ಮಕ್ಕಳೇ ರಕ್ತ. ನೀಲಿ ಚೀಟಿ ಹಿಡಿದು ವರಾಂಡಕ್ಕೆ ಓಡಿ, ಅಲ್ಲಿ ಕೆಂಪು ಚೀಟಿ ಪಡೆದು ವಾಪಸು ಬರಬೇಕು. ಇನ್‌ಸ್ಪೆಕ್ಟರರು ಸರಿಯಾಗಿ ಬಾಗಿಲಲ್ಲೇ ನಿಂತರು. ಮುಂದಿದ್ದ ಹುಡುಗಿ ವಿನಯದಿಂದಲೇ ಹೇಳಿದಳು, "ಸರ್, ಇದು ವಾಲ್ವು. ದಾರಿ ಬಿಡಿ, ಇಲ್ಲದಿದ್ದರೆ ನಾವೆಲ್ಲ ಸತ್ತುಹೋಗುತ್ತೇವೆ." ಅವರು ಸರಿಯುವಷ್ಟರಲ್ಲಿ ಇನ್ನೊಬ್ಬಳು ಅವರ ಕೈಗೆ ನೀಲಿ ಚೀಟಿ ತುರುಕಿದಳು. ಹಿಂದಿನಿಂದ ಇಪ್ಪತ್ತು ಮಕ್ಕಳು ನೂಕಿದರು.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಇನ್ನೊಂದು ಬಾಗಿಲಿನಿಂದ ಏದುಸಿರು ಬಿಡುತ್ತ ಬಂದರು. "ಇನ್‌ಸ್ಪೆಕ್ಟರ್ ಸಾಹೇಬರು ಎಲ್ಲಿ?"

"ಶ್ವಾಸಕೋಶಕ್ಕೆ ಹೋಗಿದ್ದಾರೆ ಮೇಡಂ, ಈಗ ಬರ್ತಾರೆ" ಎಂದಳು ಹುಡುಗಿ.

ಸಾಹೇಬರು ಕೆಂಪು ಚೀಟಿ ಹಿಡಿದು ಸಾಲಿನಲ್ಲಿ ಓಡಿಬಂದರು. ಹೆಡ್‌ಮಿಸ್ಟ್ರೆಸ್ ಕೈಮುಗಿದರೂ ಅವರು ನಿಲ್ಲಲಿಲ್ಲ. "ಈ ಟೀಚರನ್ನು ಖಾಯಂ ಮಾಡಿ. ಉಳಿದದ್ದು ಆಮೇಲೆ ಮಾತಾಡೋಣ, ನಾನಿನ್ನೂ ಮೆದುಳಿಗೆ ಹೋಗಬೇಕು."