ಹಲ್ಲುಕಡ್ಡಿ ಚುಚ್ಚಿದ ಮಿರ್ಚಿ

ಅಂಬಿಕಾಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಬೆಳಗಿನ ಕಾಫಿಗೂ ಮುಂಚೆ. ಎದುರು ಮನೆಯ ಐಶ್ವರ್ಯ ಗಂಡನ ಜೊತೆ ಸ್ಪೇನ್ ದೇಶದ ಬಾಸ್ಕ್ ಕರಾವಳಿಗೆ ಹೋದವಳು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಿನಾ ಫೋಟೊ ಸುರಿಯುತ್ತಿದ್ದಳು. ನಿನ್ನೆ ಬಿಲ್ಬಾವೊ ಊರಿನ ಥಳಥಳ ಮ್ಯೂಸಿಯಂ. ಇವತ್ತು ಸಾನ್ ಸೆಬಾಸ್ಟಿಯನ್: ಬಿದಿಗೆ ಚಂದ್ರನ ಹಾಗೆ ಬಾಗಿದ ಕಡಲತೀರ, ಹೋಟೆಲಿನ ಕಟ್ಟೆಯ ಮೇಲೆ ಸಾಲು ಸಾಲು ಪಿಂಚೊ. ಪಿಂಚೊ ಎಂದರೆ ಬ್ರೆಡ್ಡಿನ ತುಂಡಿನ ಮೇಲೆ ಏನಾದರೊಂದು ಇಟ್ಟು ಹಲ್ಲುಕಡ್ಡಿ ಚುಚ್ಚಿದ ತಿಂಡಿ.

ಅಜ್ಜಿಯ ಕತೆಗಳಲ್ಲಿ ಏಳು ಸಮುದ್ರ ದಾಟುವವನು ರಾಜಕುಮಾರ. ಇಲ್ಲಿ ದಾಟಿದವಳು ಮೊನ್ನೆ ಮೊನ್ನೆಯವರೆಗೂ ಹೆಪ್ಪಿಗೆ ಮೊಸರು ಕೇಳಿಕೊಂಡು ಬರುತ್ತಿದ್ದ ಐಶ್ವರ್ಯ!

ಗೇಟಿನ ಬಳಿ ಪಕ್ಕದ ಮನೆ ಕಸ್ತೂರಮ್ಮ ಮೊಬೈಲು ಹಿಡಿದು ನಿಂತಿದ್ದರು. "ನೋಡಿದ್ಯೇನವ್ವಾ? ಆಕಿ ಮುಖದಾಗೆ ಏನು ಕಳೆ! ಇನ್ಮ್ಯಾಲೆ ನಮ್ಮ ಬೀದಿಗೆ ಆಕೀನೇ ಮಹಾರಾಣಿ. ನೀವು ಎಲ್ಲಿಗೂ ಹೋಗಂಗಿಲ್ವಾ?"

"ಹೊಂಟೀವಲ್ರೀ, ಇವತ್ತೇ. ಸಮುದ್ರಕ್ಕೆ!" ಎಂದುಬಿಟ್ಟಳು ಅಂಬಿಕಾ.

ಗಂಡ ಅರುಣ್ ಕುಮಾರ್ ಭಾನುವಾರದ ನಿದ್ದೆಯಿಂದ ಒಂದೇ ಕಣ್ಣು ತೆರೆದ. "ದಾವಣಗೆರೆ ಹತ್ರ ಸಮುದ್ರ ಎಲ್ಲೈತೆ?"

"ಹರಿಹರದಾಗೈತೆ. ಗಾಡಿ ತೆಗೀರಿ."

ದಾರಿಯಲ್ಲಿ ಬ್ರೆಡ್ಡು, ಬಿಸಿ ಮಿರ್ಚಿ ಬಜ್ಜಿ, ಹಲ್ಲುಕಡ್ಡಿ ಕೊಂಡರು. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುತ್ತಿದ್ದಳು. ಆಚೆ ದಡ ಕಾಣದ ಹಾಗೆ ಮೊಬೈಲನ್ನು ಓರೆ ಹಿಡಿದರೆ ಸಾಕ್ಷಾತ್ ಕಡಲು. ಅಂಬಿಕಾ ತಂಪು ಕನ್ನಡಕ ಏರಿಸಿ, ಬ್ರೆಡ್ಡಿನ ಮೇಲೆ ಮಿರ್ಚಿ ಕೂರಿಸಿ ಕಡ್ಡಿ ಚುಚ್ಚತೊಡಗಿದಳು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಕೊಟ್ರವ್ವ ಎಂಬಾಕೆ ಕೈ ನಿಲ್ಲಿಸಿದಳು. "ಯಾಕವ್ವಾ, ಮಿರ್ಚಿಗೆ ಜ್ವರ ಬಂದೈತಾ? ಸೂಜಿ ಚುಚ್ಚಾಕತ್ತೀಯಲ್ಲ!"

ಅರುಣ್ ಒಳ್ಳೆಯ ಕೋನ ಹುಡುಕುತ್ತ ಹಿಂದೆ ಹಿಂದೆ ಸರಿದು ಮೊಣಕಾಲಿನವರೆಗೆ ಕೆಸರಿನಲ್ಲಿ ನಾಟಿಕೊಂಡ. ಎಮ್ಮೆಯೊಂದು ಬೀಗರ ಮನೆಗೆ ಬಂದ ಹಾಗೆ ನಿಧಾನವಾಗಿ ಬಂದು ಬ್ರೆಡ್ಡಿಗೆ ಬಾಯಿ ಹಾಕಿತು. "ಹೊಡೀರಿ, ಹೊಡೀರಿ!" ಎಂದಳು ಅಂಬಿಕಾ. ಅವನು ಎಮ್ಮೆಯನ್ನು ಹೊಡೆಯುವ ಬದಲು ಫೋಟೊ ಹೊಡೆದ. ಆ ಗಡಿಬಿಡಿಯಲ್ಲೇ ಅವಳು ಅದೇ ಫೋಟೊ ಸ್ಟೇಟಸ್ಸಿಗೆ ಹಾಕಿ ಬರೆದಳು: 'ಕಡಲ ಗಾಳಿ, ಪಿಂಚೊ ಊಟ.'

ಸಂಜೆ ಮನೆಗೆ ಬಂದರೆ ಗೇಟಿನಲ್ಲಿ ಬೀದಿಯ ಹೆಂಗಸರೆಲ್ಲ ಕಾದಿದ್ದರು.

"ಸಮುದ್ರ ಭಾಳ ಚಂದ ಐತೆ ಬಿಡವ್ವಾ," ಎಂದರು ಕಸ್ತೂರಮ್ಮ. "ಆದ್ರೆ ಹರಿಹರದಾಗಿನ ನಮ್ಮ ತವರುಮನಿ ಎಮ್ಮಿ ಅಲ್ಲಿಗೆ ಯಾವಾಗ ಹೋತು? ಆ ಡೊಂಕು ಕೊಂಬು ನಂಗೆ ಗೊತ್ತಿಲ್ವಾ? ಅದು ಕರ ಹಾಕ್ದಾಗ ಗಿಣ್ಣ ತಂದು ಕೊಟ್ಟಿದ್ದೆ, ನೀನೂ ಬಟ್ಲು ನೆಕ್ಕಿ ತಿಂದಿದ್ದೆ!"

ನಗೆ ಮುಗಿಯುವ ಮೊದಲೇ ಅಂಬಿಕಾಳ ಮೊಬೈಲು ಹೊಡೆದುಕೊಂಡಿತು. ಐಶ್ವರ್ಯಳ ವಿಡಿಯೊ ಕಾಲ್. ಕತ್ತರಿಸಲು ಹೋದರೆ ಕಸ್ತೂರಮ್ಮನ ಬೆರಳು ಮುಂದಾಗಿ ಹಸಿರು ಗುಂಡಿ ಒತ್ತಿತು.

"ಅಂಬಿಕಕ್ಕಾ, ನೀವು ನನ್ನ ಪಾಲಿನ ದೇವ್ರು ಕಣ್ರಿ!" ಐಶ್ವರ್ಯಳ ಕಣ್ಣಲ್ಲಿ ನೀರು. "ಇಲ್ಲಿ ಎಲ್ಲದ್ರ ಮ್ಯಾಲೂ ಮೀನು. ಬಂದಾಗಿಂದ ನೀವು ಕೊಟ್ಟ ಶೇಂಗಾ ಚಟ್ನಿಪುಡಿ ತಿಂದ್ಕಂಡೇ ಜೀವ ಹಿಡ್ದೀನಿ. ಇವತ್ತು ಹೋಟ್ಲಿನವ್ನಿಗೆ ನಿಮ್ಮ ಫೋಟೊ ತೋರಿಸ್ದೆ. ಹಂಗೇ ಮೆಣಸಿನಕಾಯಿ ಹಿಟ್ಟಿಗದ್ದಿ ಕರಿದು ಬ್ರೆಡ್ಡಿಗೆ ಚುಚ್ಚಿಕೊಟ್ಟ. ಈಗ ಜನ ಮುಗಿಬಿದ್ದಾರೆ ನೋಡ್ರಿ!"

ಅಂಬಿಕಾ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬಿದಳು. ಏಳು ಸಮುದ್ರದಾಚೆ ತನ್ನ ಮಿರ್ಚಿ! ಹೆಂಗಸರೆಲ್ಲ ನಗು ನಿಲ್ಲಿಸಿ ಅವಳನ್ನೇ ನೋಡಿದರು.

"ಅದಕ್ಕೆ ಹೆಸ್ರೂ ಇಟ್ಟವ್ನೆ ಅಕ್ಕಾ, ಹಲಗಿ ಮ್ಯಾಲೆ ಬರ್ದಾನೆ!"

"ಏನಂತ?" ಅಂಬಿಕಾ ಮೊಬೈಲನ್ನು ಮುಖದ ಹತ್ತಿರ ತಂದಳು.

"ಐಶ್ವರ್ಯ ಅಂತ!"

ಕಸ್ತೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಬಿಕಾಳ ಮನೆಯ ಮೆಟ್ಟಿಲೇರಿದರು. "ಬಾರವ್ವಾ ಒಳಗೆ, ಎಣ್ಣಿ ಇಡು. ಬಿಸಿಬಿಸಿ ನಾಕು ಐಶ್ವರ್ಯ ಕರಿ, ನಾವೂ ರುಚಿ ನೋಡಾಣ."